ಬಿಳುಪನ್ನು ತೋರಿಸುವ ಕಾರ್ಡು

ನಮ್ಮೂರಿನಲ್ಲಿ ಯಾರೂ ಯಾರನ್ನೂ ದೂರದಿಂದ ಕಂಡವರಲ್ಲ. ಬಟ್ಟೆ ಒಣಹಾಕುವ ತಂತಿ ಎಷ್ಟುದ್ದವೋ ಅಷ್ಟು ದೂರ ಕಣ್ಣು ಹೋಗುತ್ತದೆ, ಅದರಾಚೆ ಬರೀ ಮಂಜಿನ ಬಿಳುಪು. ಬೇಸಿಗೆಯಲ್ಲೂ ಅಷ್ಟೇ, ಚಳಿಯಲ್ಲೂ ಅಷ್ಟೇ. ಬೀದಿಯ ಬದಿಗೆ ಸೊಂಟದೆತ್ತರಕ್ಕೆ ಒಂದು ದೊಡ್ಡ ಹಗ್ಗ ಎಳೆದಿರುತ್ತಾರೆ, ಅದರಿಂದ ಕವಲೊಡೆದು ಒಂದೊಂದು ಬಾಗಿಲಿಗೂ ಒಂದೊಂದು ಸಣ್ಣ ಹಗ್ಗ. ಹಗ್ಗ ಹಿಡಿದು ಹೋಗುತ್ತೇವೆ, ಹಗ್ಗ ಹಿಡಿದು ಬರುತ್ತೇವೆ. ರಸ್ತೆ ದಾಟುವಾಗ ಮಾತ್ರ ಹಗ್ಗ ಬಿಡಲೇಬೇಕು, ಆಗ ಹೆಸರು ಕೂಗಿ ದಾಟಬೇಕು. ಗಂಟಲು ಕೆಟ್ಟವರು ಗಿಲಕಿ ಅಲ್ಲಾಡಿಸಿಕೊಂಡು ದಾಟುತ್ತಾರೆ. ಬೀದಿಯಲ್ಲಿ ನಿಂತು ಯಾರೂ ಇನ್ನೊಬ್ಬರ ಬಗ್ಗೆ ಕೆಟ್ಟದ್ದಾಡುವುದಿಲ್ಲ. ಒಳ್ಳೆಯತನವೇನಲ್ಲ, ಆ ಇನ್ನೊಬ್ಬರು ಅಲ್ಲೇ ಬಿಳುಪಿನೊಳಗೆ ನಿಂತು ಕೇಳಿಸಿಕೊಳ್ಳುತ್ತಿರಬಹುದು ಎಂಬ ಭಯ.

ನನ್ನ ಅಣ್ಣ ಚನ್ನವೀರ ಬಸ್ಸಿನ ಮುಂದೆ ನಡೆಯುವವನು. ಬಸ್ಸು ಊರೊಳಗೆ ಬಂದ ಮೇಲೆ ಅದಕ್ಕೆ ಕಣ್ಣು ಅವನೇ. ಒಂದು ಕೈಯಲ್ಲಿ ಕೆಂಪು ದೀಪ, ಇನ್ನೊಂದರಲ್ಲಿ ಕಂಚಿನ ಗಂಟೆ. ಗಂಟೆ ಒಂದೇ ಸಮನೆ ಬಡಿಯುತ್ತಿದ್ದರೆ ಡ್ರೈವರು ಹಿಂದೆ ಬರುತ್ತಿರುತ್ತಾನೆ. ಗಂಟೆ ನಿಂತರೆ ಬಸ್ಸು ನಿಲ್ಲುತ್ತದೆ. ಅಷ್ಟೇ ಕೆಲಸ, ಆದರೆ ಅದನ್ನು ಅಣ್ಣನಷ್ಟು ಹೆಮ್ಮೆಯಿಂದ ಮಾಡಿದವರು ನಮ್ಮೂರಲ್ಲಿ ಇರಲಿಲ್ಲ. ಅಂಗಿಗೆ ಇಸ್ತ್ರಿ ಇಲ್ಲದೆ ಅವನು ಮನೆ ಬಿಟ್ಟವನಲ್ಲ. 'ಯಾರು ನೋಡ್ತಾರೆ ಅಂತ ಇಷ್ಟು ಒಪ್ಪ ಮಾಡ್ಕೊಳ್ತೀಯ?' ಎಂದು ನಾನು ರೇಗಿಸಿದರೆ, 'ಬಸ್ಸು ನೋಡುತ್ತೆ ಕಣೇ' ಅನ್ನುತ್ತಿದ್ದ.

ಗಾಣದ ಇಳಿಜಾರಿನಲ್ಲಿ ಬಸ್ಸಿಗೆ ಸ್ವಲ್ಪ ವೇಗ ಬರುತ್ತದೆ, ಅಲ್ಲಿ ಅಣ್ಣನೂ ಅರೆ ಓಟದಲ್ಲಿರುತ್ತಾನೆ. ಆ ಮಧ್ಯಾಹ್ನ ಅಲ್ಲಿ ಜಯಶೀಲೆ ರಸ್ತೆ ದಾಟಿದಳು. ಹಿಂದಿನ ಬೀದಿಯ ಪುಟ್ಟನಂಜಮ್ಮನ ಮಗಳು, ಹೊಲಿಗೆಯವಳು, ಅಣ್ಣನ ಖಾಕಿ ಅಂಗಿಗಳನ್ನೂ ಅವಳೇ ಹೊಲಿಯುತ್ತಿದ್ದಳು. ನೆಗಡಿಯಾಗಿ ಅವಳ ಕಿವಿ ಕಟ್ಟಿತ್ತು, ದನಿ ಪೂರ್ತಿ ಬಿದ್ದುಹೋಗಿತ್ತು. ಗಿಲಕಿಯನ್ನು ಮನೆಯಲ್ಲೇ ಮರೆತು ಬಂದಿದ್ದಳು. ಬಸ್ಸು ಅವಳ ಮೇಲೆ ಹೋಯಿತು.

ಪಂಚರು ಗಾಣದ ಕಟ್ಟೆಯ ಮೇಲೆಯೇ ಕೂತು ವಿಚಾರಣೆ ಮಾಡಿದರು. ನಾನೂ ಹೋಗಿದ್ದೆ. 'ನಿನಗೆ ಯಾವಾಗ ಕಂಡಳಪ್ಪ?' ಎಂದು ಕೇಳಿದರು. 'ಕಾಣಲೇ ಇಲ್ಲ. ಕಂಡಾಗ ಚಕ್ರದ ಹತ್ತಿರ ಬಿದ್ದಿದ್ದಳು' ಎಂದ ಅಣ್ಣ. ಹಿರಿಯರು ತಲೆದೂಗಿದರು. ಕೂಗದೆ ದಾಟಿದವರದೇ ತಪ್ಪು ಎನ್ನುವುದು ನಮ್ಮಲ್ಲಿ ಬಸ್ಸು ಬರುವುದಕ್ಕಿಂತ ಹಳೆಯ ಮಾತು. ಪುಟ್ಟನಂಜಮ್ಮ ಮಗಳ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವಳು ಹಾಗೇ ಎದ್ದುಹೋದಳು.

ಮರುದಿನ ಅಣ್ಣ ಕೆಲಸಕ್ಕೆ ಹೋದ. ಬಸ್ಸು ಹೊರಡಲು ಕಾದು ನಿಂತಿತ್ತು, ಗಂಟೆ ಎತ್ತಲು ಕೈ ಬರಲಿಲ್ಲ. ವಾಪಸು ಬಂದು ಹಾಲ್‌ನ ಕುರ್ಚಿಯಲ್ಲಿ ಕೂತ. ಕೂತವನು ಏಳಲಿಲ್ಲ ಅನ್ನಬೇಕು, ಊಟಕ್ಕೆ ಕರೆದರೆ ಬರುತ್ತಿದ್ದ, ಅಷ್ಟೇ. ಅವನ ಜಾಗಕ್ಕೆ ಬೈಲಪ್ಪ ಎಂಬ ಹೊಸ ಹುಡುಗನನ್ನು ಹಾಕಿಕೊಂಡರು. ದಿನವೂ ನಮ್ಮ ಮನೆಯ ಮುಂದೆ ಅವನ ಗಂಟೆ ಹಾದುಹೋಗುವಾಗ ಅಣ್ಣ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ನನಗೆ ಮೊದಲಿನಿಂದಲೂ ಗೇಮಿನ ಹುಚ್ಚು. ಶಾಲೆಯಲ್ಲಿ ಪಾಠ ಹೇಳಿ ಬಂದ ಮೇಲೆ ನನಗೆ ಬೇರೆ ಲೋಕವಿರಲಿಲ್ಲ. ನಮ್ಮೂರಲ್ಲಿ ಬಹಳ ಜನ ಆಡುತ್ತಾರೆ, ಗೆಲ್ಲುವುದಕ್ಕಲ್ಲ, ಬೆಟ್ಟ ನೋಡುವುದಕ್ಕೆ. ಮೊದಲ ಸಲ ದೂರ ಕಂಡಾಗ ಎಲ್ಲರಿಗೂ ವಾಂತಿಯಾಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಅಣ್ಣ ಮಾತ್ರ ಆ ಕಡೆ ತಲೆ ಹಾಕಿದವನಲ್ಲ. ಹಾಗಿರುವಾಗ ಒಂದು ಭಾನುವಾರ ಬಂದು ನನ್ನ ಹಿಂದೆ ನಿಂತು, 'ಇದ್ರಲ್ಲಿ ಬಿಳುಪು ಇದೆಯೇನೇ?' ಎಂದು ಕೇಳಿದ.

ಇತ್ತು. ಹವೆಯನ್ನು ನಮಗೆ ಬೇಕಾದಂತೆ ಬದಲಾಯಿಸಬಹುದಾದ ಆಟ ಅದು. ಬಿಳುಪು ತಂದೆ. ಅಣ್ಣ ನನ್ನನ್ನು ಎಬ್ಬಿಸಿ ತಾನು ಕೂತ. ನಾನು ಶಾಲೆಯ ಲ್ಯಾಪ್‌ಟಾಪಿನಿಂದ ಅದೇ ಆಟಕ್ಕೆ ಇನ್ನೊಂದು ಬೊಂಬೆಯಾಗಿ ಸೇರಿಕೊಂಡೆ. ಒಂದು ಇಳಿಜಾರು ಹುಡುಕಿದೆವು. ಅವನ ಬೊಂಬೆ ಮುಂದೆ, ಹಿಂದೆ ಒಂದು ಲಾರಿ. ಅವನು ಕೀಬೋರ್ಡಿನ ಒಂದು ಕೀಲಿಯ ಮೇಲೆ ಬೆರಳಿಟ್ಟಿರುವಷ್ಟು ಹೊತ್ತು ಲಾರಿ ಬರುತ್ತದೆ, ತೆಗೆದರೆ ನಿಲ್ಲುತ್ತದೆ. 'ನೀನು ಪಕ್ಕದಿಂದ ಬಾ. ಕೂಗಬೇಡ' ಎಂದ. ಅವನು ಏನು ಮಾಡುತ್ತಿದ್ದಾನೆಂದು ಆಗ ಗೊತ್ತಾಯಿತು. ಬೇಡ ಅನ್ನಲಿಲ್ಲ.

ಕಂಪ್ಯೂಟರಿನೊಳಗೆ ಚಿತ್ರ ಮೂಡಿಸುವ ಕಾರ್ಡು ನನ್ನದು ಹಳೆಯದು. ಅದರ ಬಿಳುಪು ಸುಣ್ಣ ಬಳಿದ ಗೋಡೆಯ ಹಾಗೆ. ಚಿತ್ರ ಮುಗ್ಗರಿಸುತ್ತಿತ್ತು ಬೇರೆ. ನನ್ನ ಬೊಂಬೆ ಆ ಗೋಡೆ ಒಡೆದುಕೊಂಡು ತಟಕ್ಕನೆ ಲಾರಿಯ ಮೂತಿಯ ಕೆಳಗೇ ಮೂಡಿತು. 'ಹೀಗೇ ಆಗಿದ್ದು! ನೋಡಿದ್ಯಾ? ಹೀಗೇ ಬಂದಳು!' ಎಂದು ಅಣ್ಣ ಕೂಗಿದ. ಅಂದು ಎರಡು ರೊಟ್ಟಿ ಹೆಚ್ಚು ತಿಂದ. ಎಷ್ಟೋ ದಿನದ ಮೇಲೆ ಗಡ್ಡ ಬೋಳಿಸಿಕೊಂಡ.

ಆದರೆ ವಾರ ಕಳೆಯುವುದರೊಳಗೆ ಮುಖ ಮತ್ತೆ ಕಪ್ಪಿಟ್ಟಿತು. 'ಅದು ಸರಿಯಿಲ್ಲ ನೀಲಾ. ನಮ್ಮ ಬಿಳುಪು ಗೋಡೆ ಥರ ಇಲ್ಲ. ಸರಿಯಾದ್ದು ಕಾಣ್ಬೇಕಂದ್ರೆ ಏನು ಹಾಕಿಸ್ಬೇಕು?'

ನನಗೆ ಸಂತೋಷವೇ ಆಯಿತು. ಪಂಚರ ತೀರ್ಪು ಅವನ ಕಿವಿಗೆ ಬಿದ್ದಿತ್ತು, ಎದೆಗಿಳಿದಿರಲಿಲ್ಲ. ಒಳ್ಳೆಯ ಯಂತ್ರದಲ್ಲಿ, ತನ್ನ ಕಣ್ಣಿನಿಂದಲೇ, ನಿಲ್ಲಿಸಲು ಹೊತ್ತಿರಲಿಲ್ಲ ಎಂದು ನೋಡಿಬಿಟ್ಟರೆ ಅವನು ಆ ಕುರ್ಚಿಯಿಂದ ಏಳುತ್ತಾನೆ ಅಂದುಕೊಂಡೆ. ಒಳ್ಳೆಯದರಲ್ಲೇ ಒಳ್ಳೆಯದನ್ನು ತರಬೇಕೆಂದು ನಿರ್ಧರಿಸಿದೆ.

ಕಂಪ್ಯೂಟರ್ ಭಾಗಗಳು ಸಿಗುವುದು ಫಿಲೋಮಿನಕ್ಕನ ಅಂಗಡಿಯಲ್ಲಿ. ಅವಳು ಗಾಜಿನ ಪೆಟ್ಟಿಗೆಯಿಂದ ಒಂದು ಕಾರ್ಡು ತೆಗೆದು ಅಣ್ಣನ ಕೈಗಿಟ್ಟಳು. ಮೂರು ಫ್ಯಾನಿನದು, ಇಟ್ಟಿಗೆಯಷ್ಟು ಭಾರ. 'ಬೆಟ್ಟ ತೋರ್ಸೋಕೆ ಇದು ಧಾರಾಳ ಆಯ್ತು' ಎಂದಳು.

'ಬೆಟ್ಟ ಬೇಡಮ್ಮ, ಬಿಳುಪು ತೋರಿಸ್ಬೇಕು' ಎಂದ ಅಣ್ಣ.

ಫಿಲೋಮಿನಕ್ಕ ನನ್ನ ಮುಖ ನೋಡಿದಳು. ಆಮೇಲೆ ಆ ಕಾರ್ಡನ್ನು ಮೆಲ್ಲಗೆ ವಾಪಸು ತಗೊಂಡಳು. 'ಬಿಳುಪು ತೋರ್ಸೋದು ಬೆಟ್ಟ ತೋರ್ಸೋದಕ್ಕಿಂತ ಕಷ್ಟ ಚನ್ನವೀರಣ್ಣ. ಬೆಟ್ಟ ಇದ್ದಲ್ಲೇ ಇರುತ್ತೆ. ಬಿಳುಪಿಗೆ ಒಳಗಿದೆ, ಹೊರಗಿದೆ, ತೆಳ್ಳಗಿದೆ, ದಪ್ಪ ಇದೆ. ಅದರೊಳಗೆ ಬೆಳಕು ಎಷ್ಟು ಇಳೀತು, ಎಲ್ಲಿ ನಿಂತಿತು ಅಂತ ಕಾರ್ಡು ಕ್ಷಣಕ್ಷಣಕ್ಕೂ ಲೆಕ್ಕ ಹಾಕ್ತಿರಬೇಕು. ಅಗ್ಗದ ಕಾರ್ಡಿಗೆ ಅದಾಗಲ್ಲ, ಒಂದು ಗೋಡೆ ಎಬ್ಬಿಸಿ ಕೈ ತೊಳ್ಕೊಳ್ಳುತ್ತೆ.'

'ಗೋಡೆ ಎಬ್ಬಿಸದೇ ಇರೋದು ಯಾವ್ದು?'

'ಇದೆ, ಒಂದೇ ಇದೆ.' ಅವಳು ಒಳಗಿನ ಕಪಾಟಿನಿಂದ ಇನ್ನೊಂದು ಡಬ್ಬಿ ತಂದಳು. ಮೇಜಿನ ಮೇಲಿಟ್ಟು ಅದರ ಮೇಲೆ ಕೈಯಿಟ್ಟುಕೊಂಡೇ ನಿಂತಳು. 'ಅಣ್ಣ, ನಿಮಗೆ ಆ ಮೊದಲಿನದೇ ಸಾಕು. ಎಲ್ಲಾನೂ ಅಷ್ಟೊಂದು ಚೆನ್ನಾಗಿ ಕಾಣಬೇಕು ಅಂತ ಏನಿದೆ?'

'ನನಗಿದೆ' ಎಂದ ಅಣ್ಣ.

ಒಂದನ್ನು ಬದಲಿಸಲು ಹೊರಟರೆ ಎಲ್ಲವೂ ಬದಲಾಗುತ್ತದೆ ಎನ್ನುವುದು ಕಂಪ್ಯೂಟರಿನ ಹುಚ್ಚಿರುವವರಿಗೆಲ್ಲ ಗೊತ್ತು. ನನ್ನ ಹಳೆಯ ಪ್ರೊಸೆಸರಿನ ಜತೆ ಹಾಕಿದರೆ ಈ ಕಾರ್ಡು ಮಾಡಲು ಕೆಲಸವಿಲ್ಲದೆ ಕೈಕಟ್ಟಿ ಕಾಯುತ್ತಾ ಕೂರುತ್ತದೆ ಎಂದಳು ಫಿಲೋಮಿನಕ್ಕ. ಹೊಸ ಪ್ರೊಸೆಸರು ಹಳೆಯ ಬೋರ್ಡಿನಲ್ಲಿ ಕೂರುವುದಿಲ್ಲ, ಬೋರ್ಡೂ ಹೊಸದಾಯಿತು. ಆ ಬೋರ್ಡಿಗೆ ಹಳೆಯ ಮೆಮೊರಿ ಆಗುವುದಿಲ್ಲ. ಇಷ್ಟಕ್ಕೆಲ್ಲ ಹಳೆಯ ಪವರ್ ಸಪ್ಲೈ ಉಸಿರು ಬಿಡುತ್ತದೆ. ಕಾರ್ಡಿನ ಉದ್ದ ಅಳೆದರೆ ನಮ್ಮ ಕ್ಯಾಬಿನೆಟ್ಟಿಗಿಂತ ಹೆಬ್ಬೆರಳಿನಷ್ಟು ಹೆಚ್ಚು. ಮಾನಿಟರಿನ ಹತ್ತಿರ ಬಂದಾಗ ನಾನು ಅಗಲವಾದದ್ದನ್ನು ತೋರಿಸಿದೆ. ಅಣ್ಣ ಅದನ್ನು ನೋಡಲೂ ಇಲ್ಲ. 'ಮುಗ್ಗರಿಸದೇ ಇರೋದು ಯಾವ್ದು?' ಎಂದು ಕೇಳಿದ. ಚಿತ್ರ ನೀರಿನ ಹಾಗೆ ಹರಿಯುವ, ಚಿಕ್ಕದಾದ ಒಂದನ್ನು ಆರಿಸಿದ. ಬಣ್ಣದ ದೀಪಗಳಿರುವ ಮೆಮೊರಿಯ ಮೇಲೆ ನನಗೆ ಬಹಳ ದಿನದಿಂದ ಆಸೆಯಿತ್ತು. ಅವನು ಡಬ್ಬಿ ತಿರುಗಿಸಿ ನೋಡಿ, 'ದೀಪ ಬೇಡ ಪುಟ್ಟಿ' ಎಂದು ಕೆಳಗಿಟ್ಟ. ಬೆಲೆಯ ಬಗ್ಗೆ ತುಟಿ ಬಿಚ್ಚಲಿಲ್ಲ. ಎಲ್ಲವನ್ನೂ ಒಂದು ಗೋಣಿಚೀಲದಲ್ಲಿ ಹಾಕಿ ಅವನ ಹೆಗಲಿಗೇರಿಸಿ, ಹಗ್ಗ ಹಿಡಿದು ಮನೆಗೆ ಬಂದೆವು. ದಾರಿಯಲ್ಲಿ ರಸ್ತೆ ದಾಟುವಾಗ ಅವನು 'ಚನ್ನವೀರ!' ಎಂದು ಕೂಗಿದ ದನಿಯಲ್ಲಿ ಹಳೆಯ ಗತ್ತಿನ ಒಂದೆಳೆ ಇದ್ದ ಹಾಗಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ಜೋಡಿಸಿದ್ದು ನಾನೇ. ಹಾಲ್‌ನ ನೆಲದ ಮೇಲೆ ಹಳೆಯ ಸೀರೆ ಹಾಸಿಕೊಂಡು ಕೂತೆ, ಅಣ್ಣ ಟಾರ್ಚ್ ಹಿಡಿದ. ಪ್ರೊಸೆಸರಿನ ಮೇಲೆ ತೊಗರಿಬೇಳೆಯಷ್ಟು ಅಂಟು ಹಚ್ಚಿ, ಮೇಲೆ ಫ್ಯಾನು ಕೂರಿಸಿ ತಿರುಪು ಬಿಗಿದೆ. ಕಾರ್ಡು ಕೂತಾಗ ಟಕ್ಕೆಂದು ಸದ್ದಾಯಿತು, ಇಬ್ಬರೂ ನಕ್ಕೆವು. ಸ್ವಿಚ್ ಒತ್ತಿದರೆ ಫ್ಯಾನುಗಳು ತಿರುಗಿದವು, ಪರದೆ ಮಾತ್ರ ಕಪ್ಪು.  ಮೆಮೊರಿಯನ್ನು ಕಿತ್ತು ಒತ್ತಿ ಕೂರಿಸಿದ ಮೇಲೆ ಬೆಳಕು ಬಂತು. 'ನೀನು ಎಂಥ ಜಾಣೆಯೇ!' ಎಂದು ಅಣ್ಣ ನನ್ನ ತಲೆಯ ಮೇಲೆ ಕೈಯಿಟ್ಟ. ಹಾಗೆ ಅವನು ಕೈಯಿಡದೆ ವರ್ಷಗಳಾಗಿದ್ದವು.

ಮೊದಲು ಬೆಟ್ಟ ತೋರಿಸಿದೆ. ತೋರಿಸದೆ ಇರಲಾಗಲಿಲ್ಲ. ಬಯಲು, ಬಯಲಿನಾಚೆ ಹೊಳೆ, ಅದರಾಚೆ ಮಡಿಕೆಮಡಿಕೆಯಾಗಿ ನೀಲಿ. ಅಣ್ಣ ಮೇಜಿನ ಅಂಚು ಹಿಡಿದುಕೊಂಡ, ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದ. ಬಾಯಿ ಒರೆಸಿಕೊಳ್ಳುತ್ತ, 'ಈಗ ನಮ್ಮದು ಹಾಕು' ಎಂದ.

ಬಿಳುಪು ಹಾಕಿದೆ.  ಕಿಟಕಿಯ ಹೊರಗಿರುವುದೇ ಪರದೆಯಲ್ಲಿತ್ತು. ಒಂದು ಕಡೆ ಹಿಂಜಿದ ಅರಳೆಯ ಹಾಗೆ ತೆಳ್ಳಗೆ, ಇನ್ನೊಂದು ಕಡೆ ಹಾಲಿನ ಹಾಗೆ ಮಂದ, ನಿಂತಲ್ಲಿ ನಿಲ್ಲದೆ ಮೆಲ್ಲಗೆ ಸರಿಯುವಂಥದ್ದು. ಅಣ್ಣ ಅದನ್ನೇ ನೋಡಿದ. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, 'ಹೋಗು. ಬಾ' ಎಂದ.

ನಾನು ಕೋಣೆಯೊಳಗೆ ಲ್ಯಾಪ್‌ಟಾಪಿನ ಮುಂದೆ ಕೂತು ನನ್ನ ಬೊಂಬೆಯನ್ನು ನಡೆಸಿದೆ. ಲಾರಿ ನನ್ನ ಮೇಲೆ ಹೋಯಿತು. ಹೋಗಲಿ, ಒಳ್ಳೆಯದೇ ಆಯಿತು ಅಂದುಕೊಂಡೆ. 'ಇನ್ನೊಂದ್ಸಲ' ಎಂಬ ದನಿ ಬಂತು. ಎರಡನೆಯ ಸಲ ಲಾರಿ ನಿಂತಿತು. ಮೂರನೆಯ ಸಲವೂ ನಿಂತಿತು. ನಾನು ಬರುವ ಜಾಗ ಬದಲಾಯಿಸಿದೆ, ಬಲಗಡೆಯಿಂದ ಬಂದೆ, ಓಡಿ ಬಂದೆ. ನಿಂತಿತು. ಆಮೇಲೆ ಪ್ರತಿ ಸಲವೂ ನಿಂತಿತು. ಹಾಲ್‌ನಿಂದ 'ಇನ್ನೊಂದ್ಸಲ' ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಆಟವಾಗಿದ್ದರೆ ಅವನು ಗೆಲ್ಲುತ್ತಿದ್ದ ಅನ್ನಬೇಕು.

ಕೊನೆಗೆ ಅವನೇ ಬಾಗಿಲಿಗೆ ಬಂದ. 'ನೀನು ಅಲ್ಲಿ ಕೂತ್ಕೋ. ನಾನು ನಡೀತೀನಿ.'

ಅವನ ಕುರ್ಚಿಯಲ್ಲಿ ಕೂತೆ. ಬಿಳುಪು ಸರಿಯುತ್ತಿತ್ತು, ಲಾರಿ ಹಿಂದೆ ಬರುತ್ತಿತ್ತು. ಎಡಗಡೆ ಒಂದು ಕಲೆ ಮೂಡಿತು, ಒದ್ದೆ ಗೋಡೆಯ ಮೇಲೆ ಮೂಡುವಂಥದ್ದು. ಕಲೆಗೆ ಹೆಗಲು ಬಂತು. ನನಗೆ ಗೊತ್ತಿಲ್ಲದೆಯೇ ನನ್ನ ಬೆರಳು ಕೀಲಿಯಿಂದ ಎದ್ದಿತ್ತು. ಲಾರಿ ನಿಂತಿತ್ತು. ಅಣ್ಣನ ಬೊಂಬೆ ಆರಾಮವಾಗಿ ನನ್ನೆದುರು ದಾಟಿಕೊಂಡು ಹೋಯಿತು. ಒಂದು ದಿನವೂ ಬಸ್ಸಿನ ಮುಂದೆ ನಡೆಯದ ನನಗೇ ಅಷ್ಟು ಹೊತ್ತು ಸಿಕ್ಕಿತ್ತು.

'ಹೊತ್ತಿತ್ತಲ್ಲ?' ಎಂದ ಅಣ್ಣ, ಕೋಣೆಯಿಂದ ಬಂದು ನನ್ನ ಹಿಂದೆ ನಿಂತು.

'ಇದು ಆಟ ಕಣೋ ಅಣ್ಣ. ಆಟಕ್ಕೂ ನಿಜಕ್ಕೂ... ಆ ಇಳಿಜಾರಲ್ಲಿ ನೀನು ಓಡ್ತಿದ್ದೆ, ಕೈಯಲ್ಲಿ ದೀಪ, ಗಂಟೆ...'

'ಹೊತ್ತಿತ್ತು ನೀಲಾ.' ಅವನು ಗೋಡೆಗೊರಗಿ ಕೆಳಗೆ ಕುಸಿದು ಕೂತ. 'ನನಗೆ ಕಂಡಿತ್ತು. ಹೀಗೇ, ಮೊದಲು ಕಲೆ, ಆಮೇಲೆ ಹೆಗಲು. ಯಾರೋ ದಾಟ್ತಿದಾರೆ ಅಂತ ಗೊತ್ತಾಯ್ತು. ಕೂಗ್ತಾರೆ ಅಂತ ಕಾದೆ. ಕೂಗ್ಬೇಕಾಗಿದ್ದು ಅವ್ರು ತಾನೆ? ಕೂಗ್ಲಿ, ಆಮೇಲೆ ನಿಲ್ಲಿಸ್ತೀನಿ ಅಂತ... ಗಂಟೆ ಬಾರಿಸ್ತಾನೇ ಇದ್ದೆ.'

ಅವನ ಪಕ್ಕ ಕೂತೆ.  ಪಂಚರೆದುರು ಅವನು ಸುಳ್ಳು ಹೇಳಿರಲಿಲ್ಲವೆಂದೇ ಈಗಲೂ ನನ್ನ ನಂಬಿಕೆ. ಕಂಡದ್ದನ್ನು ಅವನ ಮನಸ್ಸು ಆವತ್ತೇ ಹೂತುಹಾಕಿತ್ತು. ನಾನು ಒಂದೊಂದೇ ಭಾಗ ಆರಿಸಿ ತಂದು, ತಿರುಪು ಬಿಗಿದು, ಅದನ್ನು ಅಗೆದು ತೆಗೆದಿದ್ದೆ.

ಮಾರನೆಯ ದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. 'ಪುಟ್ಟನಂಜಮ್ಮನ ಮನೆಗೆ ಹೋಗಿಬರೋಣ' ಎಂದ. ಪಂಚರು ತೀರ್ಪು ಕೊಟ್ಟಾಗಿದೆ, ಆ ಮುದುಕಿಯ ಗಾಯವನ್ನು ಯಾಕೆ ಕೆದಕುತ್ತೀಯ ಎಂದೆಲ್ಲ ಹೇಳಿ ನೋಡಿದೆ. ಅವನು ಚಪ್ಪಲಿ ಮೆಟ್ಟಿಯಾಗಿತ್ತು.

ಪುಟ್ಟನಂಜಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಗ್ಗ ಅಲ್ಲಾಡಿದ್ದು ನೋಡಿ, 'ಯಾರದು?' ಎಂದಳು. ಇಬ್ಬರೂ ಹೆಸರು ಹೇಳಿದೆವು. ಬನ್ನಿ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅಣ್ಣ ನಿಂತುಕೊಂಡೇ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ, ಏನನ್ನೂ ಸಿಂಗರಿಸಲಿಲ್ಲ. ಕಂಡಿತ್ತು, ಕಾದೆ, ನಿಲ್ಲಿಸಲಿಲ್ಲ.

ಅವಳ ಕೈ ಸುಲಿಯುತ್ತಲೇ ಇತ್ತು. 'ಕಾಣಿಸಿತ್ತಾ?' ಎಂದಳು.

'ಹೂಂ ಅಮ್ಮ.'

'ಅವಳೇ ಅಂತ ಗೊತ್ತಾಯ್ತಾ?'

'ಇಲ್ಲ. ಯಾರೋ ಹೆಂಗಸು ಅಂತ ಗೊತ್ತಾಯ್ತು.'

'ಅಷ್ಟು ಸಾಲದಾಗಿತ್ತಾ ನಿನಗೆ?'

 ಅವಳು ಮೊರವನ್ನು ಪಕ್ಕಕ್ಕೆ ಸರಿಸಿ ಬಾಗಿಲು ಹಿಡಿದು ಎದ್ದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. 'ಇಷ್ಟು ದಿನ ನನ್ನ ಮಗಳನ್ನೇ ಬೈಕೊಂಡಿದ್ದೆ ಕಣಪ್ಪ' ಎಂದಳು. 'ಗಿಲಕಿ ಮರೆತು ಹೋದ್ಯಲ್ಲೇ ಮುಂಡೇದೇ ಅಂತ, ಎದ್ದರೆ ಕೂತರೆ ಅವಳನ್ನೇ ಬೈದೆ. ಸತ್ತ ಮಗೀನ.'  ಮೊರ ಎತ್ತಿಕೊಂಡು, 'ಹೋಗಿ ಇಬ್ರೂ. ಹೋಗುವಾಗ ನನ್ನ ಹಗ್ಗ ಮುಟ್ಟಬೇಡಿ' ಎಂದು ಬಾಗಿಲು ಹಾಕಿಕೊಂಡಳು.

ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಹಗ್ಗ ಮುಟ್ಟಬೇಡ ಅನ್ನಿಸಿಕೊಂಡವರು ಆ ಮನೆಯ ಪಾಲಿಗೆ ಇಲ್ಲ. ಅಣ್ಣ ಹಿಡಿದಿದ್ದ ಹಗ್ಗವನ್ನು ಬಿಸಿಯೆಂಬಂತೆ ಬಿಟ್ಟ. ನಾನು ಅವನ ಅಂಗಿಯ ತುದಿ ಹಿಡಿದುಕೊಂಡೆ. ಬರಿಗೈಯಲ್ಲಿ ಬಿಳುಪಿಗಿಳಿದೆವು. ದೊಡ್ಡ ಹಗ್ಗ ನಾಲ್ಕು ಹೆಜ್ಜೆಯಲ್ಲಿ ಸಿಗಬೇಕಿತ್ತು, ಸಿಗಲಿಲ್ಲ. ಕೈ ಚಾಚಿದರೆ ಗಾಳಿ. ಕಾಲಿಗೆ ಜಲ್ಲಿ ಸಿಕ್ಕಿದಾಗ ರಸ್ತೆಯ ಮೇಲಿದ್ದೇವೆಂದು ತಿಳಿಯಿತು. ಅಷ್ಟರಲ್ಲಿ ಗಂಟೆ ಕೇಳಿಸಿತು. ಬೈಲಪ್ಪನ ಗಂಟೆ, ಹಿಂದೆ ಬಸ್ಸಿನ ಗುರುಗುಟ್ಟು.

'ನೀಲಾಂಬಿಕೆ!' ಎಂದು ಕೂಗಿದೆ. ಅಣ್ಣ ಕೂಗಲೆಂದು ಕಾದೆ. ಅವನು ಅಂಗಿ ಕೊಡವಿಕೊಂಡು ನನ್ನ ಕೈಯಿಂದ ಬಿಡಿಸಿಕೊಂಡು ಮುಂದಕ್ಕೆ, ರಸ್ತೆಯ ನಡುವಿಗೆ ಹೋಗಿದ್ದ. ತುಟಿ ಬಿಗಿಹಿಡಿದಿದ್ದ. ಸಾಯಲೆಂದು ನಿಂತನೋ ನೋಡಲೆಂದು ನಿಂತನೋ, ಇಂದಿಗೂ ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ಗಂಟೆ ಬರುತ್ತಲೇ ಇತ್ತು. ಕೆಂಪು ದೀಪ ಕಂಡಿತು. 'ಕೂಗೋ ಅಣ್ಣ!' ಎಂದೆ. ಕೂಗಲಿಲ್ಲ. 'ಚನ್ನವೀರ!' ಎಂದು ನಾನೇ ಗಂಟಲು ಹರಿಯುವಂತೆ ಕೂಗಿದೆ. 'ಚನ್ನವೀರ! ಚನ್ನವೀರ!'

ಗಂಟೆ ನಿಂತಿತು. ಬಸ್ಸು ನಿಟ್ಟುಸಿರಿಟ್ಟು ನಿಂತಾಗ ಅದರ ಮೂತಿ ಅಣ್ಣನಿಗೆ ಕೈಯಳತೆಯಲ್ಲಿತ್ತು. ಬೈಲಪ್ಪನ ಮುಖ ಬೆವೆತುಹೋಗಿತ್ತು. 'ಏನಣ್ಣ ನೀವು! ನೀವೇ ಕೂಗದೆ ದಾಟೋದಾ?'

'ನಾನು ನಿನಗೆ ಕಾಣಿಸಲಿಲ್ವಾ?' ಎಂದ ಅಣ್ಣ.

'ಕಾಣಿಸ್ತು. ಏನೋ ನಿಂತಿದೆ ಅಂತ ಕಾಣಿಸ್ತು. ಕೂಗ್ತಾರೇನೋ ಅಂತ...' ಬೈಲಪ್ಪ ಅಣ್ಣನ ಮುಖ ನೋಡಿ ಹಿಂದೆ ಸರಿದ.

ಅಣ್ಣ ಪಂಚರ ಹತ್ತಿರವೂ ಹೋದ. ಅವರು ಎಲ್ಲ ಕೇಳಿಸಿಕೊಂಡರು, ಮಜ್ಜಿಗೆ ಕೊಟ್ಟರು. ಕೂಗದೆ ದಾಟಿದವರದೇ ತಪ್ಪು, ಆಟದ ಡಬ್ಬಿ ನೋಡಿ ಕಾಯಿದೆ ಬದಲಾಯಿಸುವುದಿಲ್ಲ, ಮನೆಗೆ ಹೋಗಿ ಮಲಗಪ್ಪ ಎಂದರು. ಪುಟ್ಟನಂಜಮ್ಮನ ಬಾಗಿಲು ನಮಗೆ ಮತ್ತೆ ತೆರೆಯಲಿಲ್ಲ.

ಬೈಲಪ್ಪನ ವಾರದ ರಜೆಯ ದಿನ ಅಣ್ಣ ಹೋಗಿ ಅವನನ್ನು ಮನೆಗೆ ಕರೆತಂದ. ಹುಡುಗ ಕಂಪ್ಯೂಟರನ್ನು ನೋಡಿ ಕಣ್ಣರಳಿಸಿದ, ಬೆಟ್ಟ ತೋರಿಸಿ ಅಕ್ಕ ಎಂದ. 'ಬೆಟ್ಟ ಆಮೇಲೆ' ಎಂದು ಅಣ್ಣ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಬೆರಳನ್ನು ಕೀಲಿಯ ಮೇಲಿಟ್ಟು, ಭುಜದ ಮೇಲೆ ಕೈಯಿಟ್ಟು ಹಿಂದೆ ನಿಂತ. ನಾನು ಕೋಣೆಗೆ ಹೋಗಿ ಲ್ಯಾಪ್‌ಟಾಪ್ ತೆರೆದು ರಸ್ತೆಗಿಳಿದೆ. ಕೂಗದೆ ನಡೆದೆ. ಬೈಲಪ್ಪನ ಲಾರಿ ನನ್ನ ಮೇಲೆ ಹಾದುಹೋಯಿತು.

'ಇನ್ನೊಂದ್ಸಲ' ಎಂದ ಅಣ್ಣ.